ಅರಮನೆಯ ಶಿಲ್ಪಿ ಹೆನ್ರಿ ಇರ್ವಿನ್

ಮೈಸೂರಿನ ಅರಮನೆಯನ್ನು ಕಣ್ಣಾರೆ ಕಾಣದವರು ನಮ್ಮ ನಾಡಿನಲ್ಲಿ ಅನೇಕರಿರಬಹುದು. ಅದರ ಚಿತ್ರವನ್ನಾದರೂ ಕಾಣದವರು ವಿರಳ. ದಸರೆಯ ಇರುಳುಗಳಲ್ಲಿ ಸುಮಾರು ಒಂದು ಲಕ್ಷ ವಿದ್ಯುದ್ದೀಪಗಳಿಂದ ಬೆಳಗುವ ಆ ಭವನವು ಕನ್ನಡಿಗರ ಮನಸ್ಸಿನಲ್ಲಿ ನಾಡಿನ ವೈಭವಕ್ಕೆ ಇನ್ನೊಂದು ಹೆಸರಾಗಿ ನಿಂತಿದೆ. ಅಲ್ಲಿ ವಾಸಿಸಿದ ಅರಸರ ಹೆಸರುಗಳು ಎಲ್ಲರ ನಾಲಗೆಯ ಮೇಲಿವೆ. ಅದರ ನಕಾಶೆಯನ್ನು ರಚಿಸಿದವರು ಯಾರೆಂದು ಕೇಳಿದರೆ ಮಾತ್ರ ಹೆಚ್ಚಿನವರು ಸುಮ್ಮನಾಗುತ್ತಾರೆ. ಆ ಶಿಲ್ಪಿ ಕನ್ನಡಿಗರಲ್ಲ, ಭಾರತೀಯರೂ ಅಲ್ಲ. ದೂರದ ಐರ್ಲೆಂಡಿನಿಂದ ಬಂದು, ತಮ್ಮ ಕಸುಬಿನ ಬಹುಕಾಲವನ್ನು ಭಾರತದಲ್ಲಿ ಕಳೆದ ಹೆನ್ರಿ ಇರ್ವಿನ್ನರು ಅವರು.

ಇರ್ವಿನ್ನರು ಹುಟ್ಟಿದ್ದು 1841ರಲ್ಲಿ, ಪಾದ್ರಿಗಳ ಮನೆತನವೊಂದರಲ್ಲಿ. ವಾಸ್ತುವಿದ್ಯೆಯನ್ನೂ ಎಂಜಿನಿಯರಿಂಗ್ ವಿದ್ಯೆಯನ್ನೂ ಅರಿತ ಅವರು 1868ರಲ್ಲಿ ಭಾರತ ಸರ್ಕಾರದ ಲೋಕೋಪಯೋಗಿ ಇಲಾಖೆಯನ್ನು ಸೇರಿದರು. ಆಗಿನ ಕಾಲದಲ್ಲಿ ಆ ಇಲಾಖೆಯ ಕೆಲಸಕ್ಕೆ ಎಲ್ಲೆಯೇ ಇರಲಿಲ್ಲ. ರಸ್ತೆ, ಸೇತುವೆ, ಕಚೇರಿ, ಆಸ್ಪತ್ರೆ, ಸೆರೆಮನೆ ಎಲ್ಲವೂ ಅದರ ಅಧಿಕಾರಿಗಳ ಕೈಯಿಂದಲೇ ಆಗಬೇಕಾಗಿತ್ತು. ನೆಲದ ಗುಣ, ಮಳೆಯ ರಭಸ, ದೊರೆಯುವ ಕಲ್ಲು, ಕೆಲಸಗಾರರ ಕೈಚಳಕ ಇವುಗಳನ್ನು ಅರಿಯದೆ ಬರೆದ ನಕಾಶೆ ಕಾಗದದ ಮೇಲೆಯೇ ಉಳಿಯುತ್ತಿತ್ತು. ಇಂತಹ ಸೇವೆಯೇ ಇರ್ವಿನ್ನರಿಗೆ ಎರಡನೆಯ ಪಾಠಶಾಲೆಯಾಯಿತು.

ಅವರ ಕೃತಿಗಳನ್ನು ಅರಿಯಬೇಕಾದರೆ ಅವರ ಕಾಲದ ಅಭಿರುಚಿಯನ್ನು ಸ್ವಲ್ಪ ತಿಳಿಯಬೇಕು. ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ ವಾಸ್ತುಶಿಲ್ಪಿಗಳಿಗೆ ಹೊಸದೊಂದು ಸಮಸ್ಯೆ ಎದುರಾಗಿತ್ತು. ರೈಲು ನಿಲ್ದಾಣ, ಸಾರ್ವಜನಿಕ ಗ್ರಂಥಾಲಯ, ವಸ್ತುಸಂಗ್ರಹಾಲಯ ಮುಂತಾದ ಕಟ್ಟಡಗಳನ್ನು ಜನತೆ ಬಯಸುತ್ತಿತ್ತು. ಆದರೆ ಇವುಗಳಿಗೆ ಒಪ್ಪುವ ಸಿದ್ಧ ಮಾದರಿ ಪರಂಪರೆಯಲ್ಲಿ ಇರಲಿಲ್ಲ. ಅನೇಕ ಶಿಲ್ಪಿಗಳು ಹಿಂದಿನ ಯುಗಗಳತ್ತ ತಿರುಗಿ, ಗ್ರೀಕರ ಕಂಬಗಳನ್ನೂ ರೋಮನ್ನರ ಗುಮ್ಮಟಗಳನ್ನೂ ಮಧ್ಯಯುಗದ ಚೂಪು ಕಮಾನುಗಳನ್ನೂ ಆಯ್ದು ತಂದು ಒಂದೇ ಕಟ್ಟಡದಲ್ಲಿ ಹೊಂದಿಸತೊಡಗಿದರು. ಬೆಲ್ಜಿಯಂ ದೇಶದ ಜೋಸೆಫ್ ಪೂಲಾರ್ಟ್ ಎಂಬ ಶಿಲ್ಪಿಯ ನಕಾಶೆಯಂತೆ ಬ್ರಸೆಲ್ಸ್ ನಗರದಲ್ಲಿ 1866ರಿಂದ 1883ರ ವರೆಗೆ ಎದ್ದ ಬೃಹತ್ ನ್ಯಾಯಮಂದಿರ ಈ ಮಾರ್ಗದ ಪ್ರಸಿದ್ಧ ನಿದರ್ಶನ. ಇದನ್ನು ಸಮನ್ವಯ ಶೈಲಿ ಎಂದು ಕರೆಯಬಹುದು. ಹಲವು ತೋಟಗಳ ಹೂಗಳನ್ನು ಕೊಯ್ದು ಒಂದೇ ಮಾಲೆ ಕಟ್ಟುವಂತಹ ಕೆಲಸವಿದು. ಕಟ್ಟುವವನಲ್ಲಿ ವಿವೇಕವಿದ್ದರೆ ಮಾಲೆ, ಇಲ್ಲದಿದ್ದರೆ ಹೂವಿನ ರಾಶಿ.

ಭಾರತಕ್ಕೆ ಬಂದ ಆಂಗ್ಲ ಶಿಲ್ಪಿಗಳು ಈ ಮಾರ್ಗವನ್ನು ಇಲ್ಲಿಯೂ ಹಿಡಿದರು. ಮೊಗಲರ ಗುಮ್ಮಟ, ರಜಪೂತರ ಛತ್ರಿ, ದೇವಾಲಯಗಳ ಕಂಬ ಇವುಗಳನ್ನು ಯುರೋಪಿನ ಕಟ್ಟಡ ವಿಧಾನದೊಡನೆ ಬೆಸೆದು ಅವರು ರೂಪಿಸಿದ ಶೈಲಿಗೆ ಇಂಡೋ ಸಾರ್ಸೆನಿಕ್ ಎಂಬ ಹೆಸರು ಬಂದಿತು. ಭಾರತದ ಹಿಂದಿನ ಸಾಮ್ರಾಟರಿಗೆ ತಾವೇ ವಾರಸುದಾರರೆಂದು ತೋರಿಸಿಕೊಳ್ಳುವ ರಾಜಕೀಯ ಬಯಕೆಯೂ ಇದರ ಹಿಂದೆ ಇದ್ದಿತೆಂಬುದನ್ನು ಮರೆಯಲಾಗದು. ಆದರೂ ಈ ನೆಲದ ಕಟ್ಟಡಗಳಿಂದ ಕಲಿಯತಕ್ಕದ್ದು ಉಂಟೆಂದು ಒಪ್ಪಿದವರು ಈ ಶಿಲ್ಪಿಗಳು.

ಇರ್ವಿನ್ನರಿಗೆ ಮೊದಲ ದೊಡ್ಡ ಕೀರ್ತಿಯನ್ನು ತಂದದ್ದು ಹಿಮಾಲಯದ ಮಡಿಲಿನ ಶಿಮ್ಲಾ ನಗರ. ಅಲ್ಲಿ ವೈಸರಾಯರ ನಿವಾಸವನ್ನು ಕಟ್ಟುವ ಹೊಣೆ ಅವರ ಮೇಲೆ ಬಿದ್ದಿತು. ಹಳೆಯ ಇಂಗ್ಲೆಂಡಿನ ಶ್ರೀಮಂತ ಭವನಗಳನ್ನು ಹೋಲುವ ಬೂದುಬಣ್ಣದ ಆ ಕಲ್ಲಿನ ಸೌಧದಲ್ಲಿ 1888ರ ಜುಲೈ ತಿಂಗಳಲ್ಲಿ ಲಾರ್ಡ್ ಡಫರಿನ್ನರು ವಾಸಕ್ಕೆ ಬಂದರು. ವಿದ್ಯುದ್ದೀಪ ಇನ್ನೂ ವಿಸ್ಮಯದ ವಸ್ತುವಾಗಿದ್ದ ಆ ಕಾಲದಲ್ಲಿಯೇ ಅದಕ್ಕೆ ವಿದ್ಯುತ್ತಿನ ಬೆಳಕು ದೊರೆತಿತ್ತು. ಒಳಗಿನ ಗೋಡೆಗಳಿಗೆ ಬರ್ಮಾದೇಶದ ತೇಗವನ್ನೂ ಹಿಮಾಲಯದ ದೇವದಾರು ಮರವನ್ನೂ ಧಾರಾಳವಾಗಿ ಬಳಸಿದ್ದರು. ಮರ ಹೆಚ್ಚಿದಲ್ಲಿ ಬೆಂಕಿಯ ಭಯವೂ ಹೆಚ್ಚು. ಆದುದರಿಂದ ಕಟ್ಟಡದಲ್ಲಿ ನೀರಿನ ಕೊಳವೆಗಳನ್ನು ಹಾಯಿಸಿ ಅವುಗಳ ಬಾಯಿಯನ್ನು ಮೇಣದಿಂದ ಮುಚ್ಚಿದ್ದರು. ಬೆಂಕಿಯ ಕಾವಿಗೆ ಮೇಣ ಕರಗಿದೊಡನೆ ನೀರು ತಾನಾಗಿಯೇ ಚಿಮ್ಮಬೇಕೆಂಬುದು ಈ ಏರ್ಪಾಡಿನ ಉದ್ದೇಶ. ಸ್ವಾತಂತ್ರ್ಯಾನಂತರ ಆ ಸೌಧ ರಾಷ್ಟ್ರಪತಿ ನಿವಾಸವೆನಿಸಿ, 1965ರಲ್ಲಿ ಭಾರತೀಯ ಉನ್ನತ ಅಧ್ಯಯನ ಸಂಸ್ಥೆಗೆ ನೆಲೆಯಾಯಿತು.

ಶಿಮ್ಲಾದ ಯಶಸ್ಸು ಅವರನ್ನು ದಕ್ಷಿಣಕ್ಕೆ ಕರೆತಂದಿತು. ಮದ್ರಾಸು ಸರ್ಕಾರದ ಸಲಹಾ ವಾಸ್ತುಶಿಲ್ಪಿಯಾಗಿ ಅವರು ಆ ನಗರದ ಮುಖವನ್ನೇ ಬದಲಾಯಿಸಿದರು. 1892ರಲ್ಲಿ ಪೂರ್ಣಗೊಂಡ ಉಚ್ಚ ನ್ಯಾಯಾಲಯದ ಕೆಂಪು ಇಟ್ಟಿಗೆಯ ಸೌಧವು ಮೊದಲು ಬ್ರಾಸಿಂಗ್ಟನ್ ಎಂಬವರ ಕಲ್ಪನೆ. ಅದನ್ನು ತಿದ್ದಿ ಬೆಳೆಸಿ ಕೊನೆಮುಟ್ಟಿಸಿದವರು ಇರ್ವಿನ್ನರು. ಅದರ ಎತ್ತರದ ಗೋಪುರದ ಮೇಲೆ 1894ರಲ್ಲಿ ಹಚ್ಚಿದ ದೀಪ 1977ರ ವರೆಗೂ ಕಡಲಿನ ನಾವಿಕರಿಗೆ ದಾರಿ ತೋರಿತು. ಕನ್ನೆಮರ ಗ್ರಂಥಾಲಯ, ವಿಕ್ಟೋರಿಯಾ ಸ್ಮಾರಕ ಭವನ, ಎಗ್ಮೋರ್ ರೈಲು ನಿಲ್ದಾಣ ಇವೆಲ್ಲವೂ ಅವರ ಪ್ರತಿಭೆಗೆ ಋಣಿಯಾದ ಕಟ್ಟಡಗಳು. ಇವುಗಳಲ್ಲಿ ಹಲವನ್ನು ಕಟ್ಟಿದ ಗುತ್ತಿಗೆದಾರರು ನಂಬೆರುಮಾಳ್ ಚೆಟ್ಟಿಯವರು. ಎಗ್ಮೋರ್ ನಿಲ್ದಾಣವನ್ನು ಕಟ್ಟಿದವರು ಬೆಂಗಳೂರಿನ ಸಾಮಿನಾಥ ಪಿಳ್ಳೆಯವರು. ಇಂತಹವರ ನೆರವಿಲ್ಲದೆ ಇರ್ವಿನ್ನರ ಗುಮ್ಮಟಗಳು ನೆಲದಿಂದ ಮೇಲೇಳುತ್ತಿರಲಿಲ್ಲ.

ಇಷ್ಟರಲ್ಲಿ ಮೈಸೂರಿನ ರಾಜಮನೆತನಕ್ಕೆ ಕಷ್ಟಗಳು ಒಂದರ ಮೇಲೊಂದು ಬಂದೊದಗಿದ್ದವು. 1894ರ ಡಿಸೆಂಬರಿನಲ್ಲಿ ಚಾಮರಾಜೇಂದ್ರ ಒಡೆಯರು ಕಲ್ಕತ್ತೆಯಲ್ಲಿ ಅಕಾಲ ಮರಣಕ್ಕೆ ತುತ್ತಾದರು. ಪಟ್ಟಕ್ಕೆ ಬರಬೇಕಾದ ನಾಲ್ವಡಿ ಕೃಷ್ಣರಾಜ ಒಡೆಯರು ಇನ್ನೂ ಬಾಲಕರು. ಅವರ ಪರವಾಗಿ ತಾಯಿ ವಾಣಿವಿಲಾಸ ಸನ್ನಿಧಾನ ಕೆಂಪನಂಜಮ್ಮಣ್ಣಿಯವರು ರಾಜಪ್ರತಿನಿಧಿಯಾಗಿ ಆಡಳಿತದ ಭಾರವನ್ನು ಹೊತ್ತರು. ದಿವಾನ ಶೇಷಾದ್ರಿ ಅಯ್ಯರ್ ಅವರಿಗೆ ಬೆಂಬಲವಾಗಿದ್ದರು. 1897ರ ಫೆಬ್ರವರಿಯಲ್ಲಿ ಹಿರಿಯ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ವಿವಾಹದ ಸಂಭ್ರಮ ನಡೆಯುತ್ತಿದ್ದಾಗ, ತಿಂಗಳ 28ರಂದು, ಅರಮನೆಗೆ ಬೆಂಕಿ ಹತ್ತಿಕೊಂಡಿತು.

ಅದು 1803ರಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಬಹುಮಟ್ಟಿಗೆ ಮರದಿಂದ ಕಟ್ಟಿದ ಅರಮನೆ. ಬಣ್ಣ ಬಳಿದ ಮರದ ಕಂಬಗಳು, ಕೆತ್ತನೆಯ ಬೋದಿಗೆಗಳು, ಮರದ ಮಾಳಿಗೆಗಳು ಅದರ ಸೊಬಗಾಗಿದ್ದವು. ಯಲ್ಲಾಪುರ, ಕಿರವತ್ತಿಗಳಂತಹ ತೇಗದ ಕಾಡಿನ ಊರುಗಳವರು ಮರದ ಮನೆಯ ತಂಪನ್ನೂ ಬಲ್ಲರು, ಬೇಸಗೆಯ ಕಿಡಿಯೊಂದು ಅಂತಹ ಮನೆಗೆ ಏನು ಮಾಡಬಲ್ಲದೆಂಬುದನ್ನೂ ಬಲ್ಲರು. ಮೈಸೂರಿನಲ್ಲಿ ಆದುದೂ ಅದೇ. ಅರಮನೆಯ ಬಹುಭಾಗ ಬೂದಿಯಾಯಿತು. ರಾಜಪರಿವಾರ ಜಗನ್ಮೋಹನ ಅರಮನೆಯಲ್ಲಿ ಆಶ್ರಯ ಪಡೆಯಿತು.

ಪತಿಯನ್ನು ಕಳೆದುಕೊಂಡಿದ್ದ ಮಹಾರಾಣಿಯವರು ಈಗ ಮನೆಯನ್ನೂ ಕಳೆದುಕೊಂಡಿದ್ದರು. ಆದರೂ ಧೃತಿಗೆಡದೆ ಅದೇ ಸ್ಥಳದಲ್ಲಿ ಹೊಸ ಅರಮನೆಯನ್ನು ಕಟ್ಟಿಸಲು ನಿಶ್ಚಯಿಸಿದರು. ನಕಾಶೆಯ ಕೆಲಸಕ್ಕೆ ಇರ್ವಿನ್ನರನ್ನು ಆರಿಸಿದರು. ಆಗ ಅವರಿಗೆ ಐವತ್ತಾರು ವರ್ಷ. 1897ರ ಅಕ್ಟೋಬರಿನಲ್ಲಿ ಕೆಲಸ ಆರಂಭವಾಯಿತು. ಕಾಲ ಅನುಕೂಲವಾಗಿರಲಿಲ್ಲ. ಮರುವರ್ಷವೇ ಪ್ಲೇಗು ಮಾರಿ ಸಂಸ್ಥಾನಕ್ಕೆ ಕಾಲಿಟ್ಟು, ಬೆಂಗಳೂರು ಮೈಸೂರುಗಳಲ್ಲಿ ಜನರು ಮನೆ ತೊರೆದು ಊರ ಹೊರಗೆ ನೆಲಸುವಂತಾಯಿತು. ಪ್ರಜೆಗಳು ಸಂಕಟದಲ್ಲಿರುವಾಗ ಇಷ್ಟು ದೊಡ್ಡ ವೆಚ್ಚ ಉಚಿತವೇ ಎಂಬ ಪ್ರಶ್ನೆ ಇಂದಿನ ಓದುಗನಲ್ಲಿ ಏಳುವುದು ಸಹಜ. ಅರಮನೆಗೆ ಒಟ್ಟು ಆದ ವೆಚ್ಚ 41,47,913 ರೂಪಾಯಿ. ಆ ಕಾಲಕ್ಕೆ ಅದು ಅಪಾರ ಮೊತ್ತ. ಆದರೆ ಅನ್ಯರ ಸಾರ್ವಭೌಮತ್ವದ ನೆರಳಿನಲ್ಲಿ ಬಾಲಕ ದೊರೆಯೊಡನೆ ಉಳಿದಿದ್ದ ಸಂಸ್ಥಾನಕ್ಕೆ, ದಸರೆಯ ದರ್ಬಾರು ನಡೆಯುವ ಅರಮನೆ ಕೇವಲ ವಾಸದ ಮನೆಯಾಗಿರದೆ ತನ್ನ ಇರವಿನ ಗುರುತೂ ಆಗಿದ್ದಿತು. ಈ ಎರಡು ಮಾತುಗಳನ್ನೂ ತೂಗಿ ನೋಡುವುದು ನ್ಯಾಯ.

ಇರ್ವಿನ್ನರ ಹಿರಿಮೆ ಕಾಣುವುದು ಇಲ್ಲಿಯೇ. ತಾವು ಅದುವರೆಗೆ ಕಟ್ಟಿದ ಸೌಧಗಳಲ್ಲೊಂದನ್ನು ತಂದು ಮೈಸೂರಿನಲ್ಲಿ ನಿಲ್ಲಿಸುವುದು ಅವರಿಗೆ ಸುಲಭವಾಗಿತ್ತು. ಅವರು ಹಾಗೆ ಮಾಡಲಿಲ್ಲ. ಸುಟ್ಟುಹೋದ ಅರಮನೆಯ ವಿನ್ಯಾಸವನ್ನೇ ಬಹುಮಟ್ಟಿಗೆ ಅನುಸರಿಸಿ ಹೊಸದರ ತಳನಕಾಶೆಯನ್ನು ಸಿದ್ಧಪಡಿಸಿದರು. ಮನೆಯ ನಡುವೆ ತೆರೆದ ಅಂಗಳ, ಪೂಜೆಗೆ ಒಂದು ಎಡೆ, ಒಡ್ಡೋಲಗಕ್ಕೆ ಒಂದು ಎಡೆ ಎಂಬ ಪೂರ್ವದ ಕ್ರಮ ಹಾಗೆಯೇ ಉಳಿಯಿತು. ಬದಲಾದದ್ದು ಮೈ. ಮರವಿದ್ದ ಕಡೆ ಕಲ್ಲು, ಇಟ್ಟಿಗೆ, ಕಬ್ಬಿಣಗಳು ಬಂದವು. ಸುಮಾರು 245 ಅಡಿ ಉದ್ದ, 156 ಅಡಿ ಅಗಲದ, ಮೂರು ಅಂತಸ್ತಿನ ಈ ಭವನ ಬೂದುಬಣ್ಣದ ಕಣಶಿಲೆಯಲ್ಲಿ ಮೈದಾಳಿತು. ಅದರ ಮಧ್ಯಗೋಪುರದ ಚಿನ್ನದ ಲೇಪದ ಕಳಶ ನೆಲದಿಂದ 145 ಅಡಿ ಎತ್ತರದಲ್ಲಿದೆ. ಮುಂಭಾಗದ ಕಮಾನುಗಳಲ್ಲಿ ಮುಸಲ್ಮಾನ ಶಿಲ್ಪದ ಬೆಡಗು, ಅವುಗಳ ನಡುವೆ ಮೇಲ್ಗಡೆ ಆನೆಗಳೊಡಗೂಡಿದ ಗಜಲಕ್ಷ್ಮಿಯ ವಿಗ್ರಹ, ಮೂಲೆಗಳಲ್ಲಿ ನಸುಗೆಂಪು ಗುಮ್ಮಟಗಳು: ಯಾವುದೂ ಮತ್ತೊಂದರ ಮೇಲೆ ಜಗಳಕ್ಕೆ ನಿಂತಂತಿಲ್ಲ.

ಒಳಗಡೆ ಇನ್ನೂ ಹಲವು ನಾಡುಗಳ ಕೈಗಳು ಕೂಡಿವೆ. ಎಂಟು ಮೂಲೆಗಳ ಕಲ್ಯಾಣ ಮಂಟಪದ ಎರಕದ ಕಬ್ಬಿಣದ ಕಂಬಗಳು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಿಂದ ಹಡಗೇರಿ ಬಂದವು. ಅವುಗಳ ಮೇಲಿನ ಬಣ್ಣದ ಗಾಜಿನ ಮಾಡದಲ್ಲಿ ಕುಣಿಯುವ ನವಿಲುಗಳು ಮಾತ್ರ ಮೈಸೂರಿನ ಕಲಾವಿದರ ಕಲ್ಪನೆಯವು. ಅಂಬಾವಿಲಾಸದ ಬೀಟೆ ಮರದ ಬಾಗಿಲುಗಳಲ್ಲಿ ಮೈಸೂರಿನ ಕುಶಲಿಗಳು ದಂತವನ್ನು ಕೂಡಿಸಿ ಚಿತ್ತಾರ ಬರೆದರು. ಅಮೃತಶಿಲೆಯ ನೆಲದಲ್ಲಿ ಬಣ್ಣದ ಕಲ್ಲುಗಳನ್ನು ಹುದುಗಿಸುವ ಕೆಲಸ ಆಗ್ರಾದ ಸಂಪ್ರದಾಯದ್ದು. ದಿನದಿನದ ಮೇಲ್ವಿಚಾರಣೆಯನ್ನು ಅರಮನೆಯ ವಿಭಾಗದ ಎಂಜಿನಿಯರ್ ರಾಘವುಲು ನಾಯ್ಡು ಅವರು ವಹಿಸಿದ್ದರು. ದೆಹಲಿ, ಮದ್ರಾಸು, ಕಲ್ಕತ್ತೆಗಳ ಕಟ್ಟಡಗಳನ್ನು ಕಂಡು ಅವರು ನಡೆಸಿದ್ದ ಅಧ್ಯಯನವೂ ಈ ಕೆಲಸಕ್ಕೆ ಒದಗಿಬಂದಿತು.

ಅರಮನೆ ಪೂರ್ಣವಾಗಲು ಹದಿನೈದು ವರ್ಷ ಹಿಡಿಯಿತು. ಬಾಲಕರಾಗಿದ್ದ ದೊರೆ ಯುವಕರಾಗಿ, 1902ರಲ್ಲಿ ಅಧಿಕಾರವನ್ನು ವಹಿಸಿಕೊಂಡಾಗಲೂ ಅದು ಮುಗಿದಿರಲಿಲ್ಲ. ಆ ಸಮಾರಂಭ ಜಗನ್ಮೋಹನ ಅರಮನೆಯಲ್ಲಿಯೇ ಜರುಗಿತು. 1912ರಲ್ಲಿ ಕೆಲಸ ಕೊನೆಗೊಂಡಾಗ ಇರ್ವಿನ್ನರು ಎಪ್ಪತ್ತರ ಗಡಿಯನ್ನು ದಾಟಿದ್ದರು. ಮುಂದೆ ಹತ್ತು ವರ್ಷಗಳಿಗೆ, 1922ರಲ್ಲಿ, ಅವರು ಕಾಲವಾದರು. ಅವರ ಅನಂತರವೂ ಆ ಮನೆ ಬೆಳೆಯುತ್ತಲೇ ಇದ್ದಿತು. ಕಲ್ಯಾಣ ಮಂಟಪದ ಗೋಡೆಗಳ ಮೇಲೆ ಕನ್ನಡ ನಾಡಿನ ಚಿತ್ರಕಾರರು ದಸರೆಯ ಮೆರವಣಿಗೆಯನ್ನು ಬಿಡಿಸಿದ್ದು 1930ರ ಮತ್ತು 1940ರ ದಶಕಗಳಲ್ಲಿ.

ಶುದ್ಧ ಶೈಲಿಯನ್ನು ಬಯಸುವ ವಿಮರ್ಶಕರಿಗೆ ಇಂತಹ ಕಟ್ಟಡಗಳ ವಿಷಯದಲ್ಲಿ ಆಕ್ಷೇಪಗಳಿವೆ. ಹೊಯ್ಸಳರ ದೇವಾಲಯದಲ್ಲಿ ಕಾಣುವ ಏಕರೂಪತೆಯಾಗಲಿ, ಬಿಜಾಪುರದ ಗೋಳಗುಮ್ಮಟದ ಸರಳ ಗಾಂಭೀರ್ಯವಾಗಲಿ ಮೈಸೂರಿನ ಅರಮನೆಯಲ್ಲಿ ಇಲ್ಲವೆಂಬುದು ನಿಜ. ಅವು ಒಂದೊಂದು ಪರಂಪರೆ ತಾನಾಗಿ ಪಕ್ವವಾದಾಗ ದೊರೆತ ಫಲಗಳು. ಇದು ಹಲವು ಪರಂಪರೆಗಳು ಒಂದೆಡೆ ಸೇರಿದ ಕಾಲದ ಕೂಸು. ಆದರೆ ಎರವಲು ತಂದುದೆಲ್ಲ ಎರವಲಾಗಿಯೇ ಉಳಿಯಬೇಕೆಂಬ ನಿಯಮವಿಲ್ಲ. ಕಟ್ಟಡದ ಮೂಲ ಕ್ರಮ ಆ ಮನೆಯವರದೇ ಆಗಿದ್ದುದರಿಂದ ಪರದೇಶದ ಕಂಬವೂ ಅಲ್ಲಿ ಪರಕೀಯವೆನಿಸಲಿಲ್ಲ. ಇರ್ವಿನ್ನರು ಬೇರೆಡೆಯಿಂದ ತಂದದ್ದಕ್ಕಿಂತಲೂ ಇಲ್ಲಿ ಕೆಡಿಸದೆ ಉಳಿಸಿದ್ದು ದೊಡ್ಡದು.

ಅವರ ಹೆಸರಾದರೂ ಗ್ರಂಥಗಳಲ್ಲಿ ದಾಖಲಾಗಿದೆ. ಕಲ್ಲು ಕಡಿದವರ, ಗಾರೆ ಹೊತ್ತ ಹೆಂಗಸರ, ಬಾಗಿಲಿಗೆ ದಂತ ಕೂಡಿಸಿದವರ ಹೆಸರುಗಳಲ್ಲಿ ಬಹುಪಾಲು ಕಾಲಗರ್ಭದಲ್ಲಿ ಅಡಗಿಹೋಗಿವೆ. ಒಂದು ಕಾಲದಲ್ಲಿ ಅರಸರಿಗೆ ಮೀಸಲಾಗಿದ್ದ ಆ ಬಾಗಿಲುಗಳನ್ನು ಇಂದು ನಾಡಿನ ಮೂಲೆಮೂಲೆಯ ಶಾಲಾಮಕ್ಕಳು ದಾಟಿ ಒಳಗೆ ಹೋಗುತ್ತಾರೆ. ಆಗ ಸಿಂಹಾಸನದ ಕತೆಯೊಡನೆ ಆ ಮಾಡನ್ನು ಎತ್ತಿ ನಿಲ್ಲಿಸಿದವರ ಕತೆಯೂ ಅವರಿಗೆ ತಿಳಿದಿರುವುದು ಒಳಿತು.