ಜಾನ್ ವೆಸ್ಲಿ: ತತ್ತ್ವದಿಂದ ಹೃದಯದೆಡೆಗೆ

ಹಳೆಯ ಕನ್ನಡ ಪುಸ್ತಕಗಳನ್ನು ತೆರೆದು ನೋಡಿದವರಿಗೆ ಮೈಸೂರಿನ ವೆಸ್ಲಿಯನ್ ಮಿಷನ್ ಮುದ್ರಣಾಲಯದ ಹೆಸರು ಹೊಸದಲ್ಲ. ಆ ಹೆಸರಿಗೆ ಮೂಲರಾದ ಜಾನ್ ವೆಸ್ಲಿಯವರು ಭಾರತವನ್ನು ಕಂಡವರಲ್ಲ. ಧರ್ಮದ ಸಿದ್ಧಾಂತವನ್ನು ತಪ್ಪಿಲ್ಲದೆ ಅರಿತ ಮಾತ್ರಕ್ಕೆ ಒಬ್ಬನು ಕ್ರೈಸ್ತನಾಗುವನೇ ಎಂಬ ಪ್ರಶ್ನೆಯನ್ನು ತಮ್ಮ ಬದುಕಿನಲ್ಲಿಯೇ ಒರೆಗೆ ಹಚ್ಚಿದವರು ಅವರು.

ವೆಸ್ಲಿಯವರು 1703ರಲ್ಲಿ ಇಂಗ್ಲೆಂಡಿನ ಎಪ್‌ವರ್ತ್‌ನಲ್ಲಿ ಪಾದ್ರಿಯೊಬ್ಬರ ಮಗನಾಗಿ ಜನಿಸಿದರು. ಐದನೆಯ ವಯಸ್ಸಿನಲ್ಲಿ ಹೊತ್ತಿ ಉರಿಯುತ್ತಿದ್ದ ಮನೆಯ ಕಿಟಕಿಯಿಂದ ಕೂದಲೆಳೆಯಲ್ಲಿ ಪಾರಾದರು. ಆಕ್ಸ್‌ಫರ್ಡಿನಲ್ಲಿ ಓದಿ, 1726ರಲ್ಲಿ ಅಲ್ಲಿನ ಲಿಂಕನ್ ಕಾಲೇಜಿನ ಫೆಲೋ ಆದರು; ಎರಡು ವರ್ಷಗಳ ಬಳಿಕ ಪಾದ್ರಿಯಾಗಿ ಅಭಿಷಿಕ್ತರಾದರು. ತಮ್ಮ ಚಾರ್ಲ್ಸ್ ಮತ್ತು ಕೆಲವು ಗೆಳೆಯರೊಡನೆ ಉಪವಾಸ, ಪ್ರಾರ್ಥನೆ, ಸೆರೆಯಾಳುಗಳ ಸೇವೆಗಳನ್ನು ಕಟ್ಟುನಿಟ್ಟಾಗಿ ನಡೆಸಿದರು. ಈ ನಿಯಮನಿಷ್ಠೆಯನ್ನು ಗೇಲಿ ಮಾಡಿದವರು ಇಟ್ಟ ಅಡ್ಡಹೆಸರೇ ಮೆಥಡಿಸ್ಟ್. ನಂಬಿಕೆಯಲ್ಲಿ ಲೋಪವಿರಲಿಲ್ಲ, ನಡತೆಯಲ್ಲಿ ಕುಂದಿರಲಿಲ್ಲ. ಮನಸ್ಸಿಗೆ ಮಾತ್ರ ನೆಮ್ಮದಿಯಿರಲಿಲ್ಲ.

1735ರಲ್ಲಿ ಧರ್ಮಬೋಧನೆಗಾಗಿ ಅಮೆರಿಕದ ಜಾರ್ಜಿಯಾಕ್ಕೆ ಹೊರಟರು. ನಡುಗಡಲಿನಲ್ಲಿ ಬಿರುಗಾಳಿಗೆ ಹಡಗು ತತ್ತರಿಸಿದಾಗ ಇಂಗ್ಲಿಷ್ ಪ್ರಯಾಣಿಕರು ಚೀರಿದರು. ಜರ್ಮನಿಯ ಮೊರೇವಿಯನ್ ಪಂಥದವರು ಮಾತ್ರ ಹೆಂಗಸರು ಮಕ್ಕಳಾದಿಯಾಗಿ ಸ್ತೋತ್ರ ಹಾಡುತ್ತಲೇ ಇದ್ದರು. ಸಾವಿಗೆ ಅಂಜಿದ ಪಂಡಿತರಿಗೆ ತಮ್ಮಲ್ಲಿಲ್ಲದ್ದು ಅವರಲ್ಲಿ ಕಂಡಿತು. ಜಾರ್ಜಿಯಾದಲ್ಲಿ ಅವರ ನಿಷ್ಠುರ ನಿಯಮಪಾಲನೆ ಜನರೊಡನೆ ಕಲಹ ತಂದಿತು. ಸೋತ ಮನದಿಂದ 1738ರ ಆರಂಭದಲ್ಲಿ ತಾಯ್ನಾಡಿಗೆ ಮರಳಿದರು.

ಅದೇ ವರ್ಷ ಮೇ 24ರ ಸಂಜೆ, ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಸಭೆಗೆ ಒಲ್ಲದ ಮನಸ್ಸಿನಿಂದಲೇ ಹೋದರು. ಅಲ್ಲಿ ಒಬ್ಬರು ರೋಮಾಪುರದವರಿಗೆ ಬರೆದ ಪತ್ರಿಕೆಗೆ ಲೂಥರನ ಪೀಠಿಕೆಯನ್ನು ಓದುತ್ತಿದ್ದರು. ಎಷ್ಟೋ ಕಾಲದಿಂದ ತಿಳಿದಿದ್ದ ತತ್ತ್ವ ಆಗ ತಮಗಾಗಿಯೇ ಹೇಳಿದ್ದೆಂದು ಅವರಿಗೆ ಅನ್ನಿಸಿತು. ಕ್ರಿಸ್ತನಲ್ಲಿ ಭರವಸೆ ಮೂಡಿ ಎದೆ ಹಗುರವಾಯಿತು.

ಮುಂದಿನ ವರ್ಷ ಬ್ರಿಸ್ಟಲ್ ನಗರದ ಸುತ್ತ ಬಯಲಿನಲ್ಲಿ ನಿಂತು, ಚರ್ಚಿನ ಹೊಸ್ತಿಲು ತುಳಿಯದ ಕಲ್ಲಿದ್ದಲು ಕೂಲಿಗಳಿಗೂ ಉಪದೇಶಿಸಿದರು. ಸಿದ್ಧಾಂತವೆಲ್ಲ ಸೈತಾನನಿಗೂ ತಿಳಿದಿದೆ, ಅದರಿಂದ ಅವನು ಭಕ್ತನಾಗಲಿಲ್ಲ ಎಂಬುದು ಅವರ ಬೋಧನೆಯ ತಿರುಳುಗಳಲ್ಲೊಂದು.

ಆದರೆ ಹೃದಯವೊಂದೇ ಸಾಕೆಂದು ಅವರು ಬಗೆಯಲಿಲ್ಲ. ಪೂರ್ಣ ನಂಬಿಕೆ ಹುಟ್ಟುವವರೆಗೆ ಪ್ರಾರ್ಥನೆ, ಪ್ರಭುಭೋಜನಗಳನ್ನು ಬಿಟ್ಟು ಸುಮ್ಮನಿರಬೇಕೆಂದು ಲಂಡನ್ನಿನ ಮೊರೇವಿಯನ್ ಗೆಳೆಯರಲ್ಲಿ ಕೆಲವರು ಬೋಧಿಸಿದಾಗ, 1740ರಲ್ಲಿ ಅವರಿಂದ ಬೇರೆಯಾದರು. ದೇವರು ಕೆಲವರನ್ನು ಮಾತ್ರ ಮೊದಲೇ ಆರಿಸಿದ್ದಾನೆಂಬ ವಾದಕ್ಕಾಗಿ ಆಪ್ತಮಿತ್ರ ಜಾರ್ಜ್ ವೈಟ್‌ಫೀಲ್ಡರನ್ನೂ ಎದುರಿಸಿದರು. ಮತಭೇದ ಕೊನೆಯವರೆಗೂ ಉಳಿಯಿತು, ಸ್ನೇಹ ಮತ್ತೆ ಕೂಡಿತು. 1770ರಲ್ಲಿ ವೈಟ್‌ಫೀಲ್ಡರು ತೀರಿಕೊಂಡಾಗ ಲಂಡನ್ನಿನಲ್ಲಿ ಸಂಸ್ಮರಣೆಯ ಉಪದೇಶ ಮಾಡಿದವರು ವೆಸ್ಲಿಯವರೇ. 1784ರಲ್ಲಿ ಅಮೆರಿಕದ ಮೆಥಡಿಸ್ಟರಿಗಾಗಿ ಇಂಗ್ಲೆಂಡಿನ ಚರ್ಚಿನ 39 ಧರ್ಮಸೂತ್ರಗಳನ್ನು 24ಕ್ಕೆ ಇಳಿಸಿದರೇ ಹೊರತು ಸೂತ್ರಗಳನ್ನೇ ಕೈಬಿಡಲಿಲ್ಲ.

ಜಾರ್ಜಿಯಾದಿಂದ ಮರಳಿದಾಗ, ಪರರನ್ನು ಪರಿವರ್ತಿಸಹೋದ ತಾನೇ ಪರಿವರ್ತನೆ ಹೊಂದಿರಲಿಲ್ಲವೆಂದು ದಿನಚರಿಯಲ್ಲಿ ಬರೆದಿದ್ದರು. ವೃದ್ಧಾಪ್ಯದಲ್ಲಿ ಆ ಮಾತಿಗೆ ಸಂದೇಹದ ಟಿಪ್ಪಣಿ ಸೇರಿಸಿದರು: ಆಗಲೂ ತಮ್ಮಲ್ಲಿ ನಂಬಿಕೆಯಿತ್ತು, ಆದರೆ ಅದು ಮಗನದಲ್ಲ, ಸೇವಕನದು ಎಂಬುದು ಅದರ ಭಾವ. ಅಂದಿನ ಅರಿವು ಸುಳ್ಳಾಗಿರಲಿಲ್ಲ. ಅದು ಪ್ರೀತಿಯಾಗಿ ಮಾಗಿರಲಿಲ್ಲ. 1791ರ ಮಾರ್ಚ್ 2ರಂದು, 87ನೆಯ ವಯಸ್ಸಿನಲ್ಲಿ, ಅವರು ಲಂಡನ್ನಿನಲ್ಲಿ ಕಣ್ಮುಚ್ಚಿದರು.