ಬಡವರ ಬಂಧು ಸಂತ ವಿನ್ಸೆಂಟ್ ಡಿ ಪಾಲ್

ಕೊಡುವ ಮನಸ್ಸು ದೇವರ ವರ. ಆ ಮನಸ್ಸು ಒಂದು ದಿನದ ಉತ್ಸಾಹವಾಗಿ ಬಾಡಿಹೋಗದಂತೆ ಅದಕ್ಕೊಂದು ಕ್ರಮವನ್ನು ಕಲ್ಪಿಸುವುದು ನಮ್ಮ ಹೊಣೆ. ಈ ಸತ್ಯವನ್ನು ಧರ್ಮಸಭೆಗೆ ತಮ್ಮ ಬಾಳಿನಿಂದಲೇ ಬೋಧಿಸಿದ ಮಹನೀಯರು ಸಂತ ವಿನ್ಸೆಂಟ್ ಡಿ ಪಾಲ್.

ಫ್ರಾನ್ಸ್ ದೇಶದ ನೈಋತ್ಯ ಭಾಗದ ಪೂಯ್ ಎಂಬ ಹಳ್ಳಿಯ ರೈತ ಕುಟುಂಬದಲ್ಲಿ ೧೫೮೧ರಲ್ಲಿ ಅವರು ಜನಿಸಿದರು. ಬಾಲ್ಯದಲ್ಲಿ ತಂದೆಯ ಕುರಿ ಹಂದಿಗಳನ್ನು ಕಾಯುತ್ತಿದ್ದರು. ಪಟ್ಟಣದ ಶಾಲೆಗೆ ಸೇರಿದ ಮೇಲೆ, ತಮ್ಮನ್ನು ನೋಡಲು ಬಂದ ತಂದೆಯ ಬಡ ಉಡುಪನ್ನೂ ಕುಂಟು ನಡಿಗೆಯನ್ನೂ ಕಂಡು ನಾಚಿ, ಅವರನ್ನು ಮಾತನಾಡಿಸಲು ಹೋಗಲಿಲ್ಲ. ಮುಪ್ಪಿನಲ್ಲಿಯೂ ಅವರು ಇದನ್ನು ನೆನೆದು ಮರುಗುತ್ತಿದ್ದರು. ಅದೇ ತಂದೆ ಮಗನ ಉನ್ನತ ವ್ಯಾಸಂಗಕ್ಕಾಗಿ ತಮ್ಮ ಜೋಡಿ ಎತ್ತುಗಳನ್ನು ಮಾರಿದರು. ೧೬೦೦ರಲ್ಲಿ ಗುರುಪಟ್ಟ ಪಡೆದ ವಿನ್ಸೆಂಟರಿಗೆ, ಒಳ್ಳೆಯ ಆದಾಯದ ಹುದ್ದೆಯೊಂದನ್ನು ಸಂಪಾದಿಸಿ ಊರಿಗೆ ಹಿಂದಿರುಗುವ ಹಂಬಲವಿತ್ತು. ಬಡತನದಿಂದ ದೂರ ಸರಿಯಬಯಸಿದ ಅವರನ್ನು ದೇವರು ಬಡವರ ಬಳಿಗೇ ಕರೆತಂದರು.

೧೬೧೭ರಲ್ಲಿ ಅವರು ಶಾತಿಯೋಂ ಎಂಬ ಊರಿನ ಧರ್ಮಗುರುಗಳಾಗಿದ್ದರು. ಆಗಸ್ಟ್ ತಿಂಗಳ ಒಂದು ಭಾನುವಾರ ಬಲಿಪೂಜೆಗೆ ಸಿದ್ಧರಾಗುತ್ತಿದ್ದಾಗ, ಊರ ಹೊರಗಿನ ಒಂದು ಮನೆಯಲ್ಲಿ ಎಲ್ಲರೂ ಕಾಯಿಲೆ ಬಿದ್ದಿದ್ದಾರೆ, ಅವರಿಗೆ ಗಂಜಿ ಕಾಯಿಸಿ ಕೊಡುವವರೂ ಇಲ್ಲವೆಂಬ ಸುದ್ದಿ ಬಂತು. ಪ್ರಬೋಧನೆಯಲ್ಲಿ ಅವರು ಆ ಕುಟುಂಬದ ಸಂಕಟವನ್ನು ಜನರ ಮುಂದಿಟ್ಟರು. ಮಧ್ಯಾಹ್ನ ತಾವೂ ಅತ್ತ ಹೊರಟಾಗ ದಾರಿಯುದ್ದಕ್ಕೂ ಜನವೋ ಜನ! ಆಹಾರ ಹೊತ್ತು ಹೋಗುವವರು, ಕೊಟ್ಟು ಮರಳುವವರು, ಬಿಸಿಲಿನ ಬೇಗೆಗೆ ದಾರಿಯ ಬದಿಯಲ್ಲಿ ಕುಳಿತು ಸುಧಾರಿಸಿಕೊಳ್ಳುವವರು.

ಬೇರೊಬ್ಬರಾಗಿದ್ದರೆ ತಮ್ಮ ಪ್ರಬೋಧನೆಯ ಪ್ರಭಾವಕ್ಕೆ ತಾವೇ ಹಿಗ್ಗುತ್ತಿದ್ದರೇನೋ. ವಿನ್ಸೆಂಟರು ಚಿಂತೆಗೊಳಗಾದರು. ಆ ಒಂದು ದಿನ ಆ ಮನೆಗೆ ಬೇಕಾದುದಕ್ಕಿಂತ ಹೆಚ್ಚು ಬಂದಿತ್ತು. ಅದರಲ್ಲಿ ಬಹುಪಾಲು ಕೆಟ್ಟುಹೋಗುವುದು, ಮತ್ತೆ ಹಸಿವು ಮೊದಲಿನಂತೆಯೇ ಕಾಡುವುದು. ಜನರಲ್ಲಿ ದಯೆಗೆ ಕೊರತೆಯಿರಲಿಲ್ಲ, ವ್ಯವಸ್ಥೆಗೆ ಕೊರತೆಯಿತ್ತು. ಕೆಲವೇ ದಿನಗಳಲ್ಲಿ ಅವರು ಊರಿನ ಸ್ತ್ರೀಯರನ್ನು ಕೂಡಿಸಿ ಕಾರುಣ್ಯ ಸಂಘವನ್ನು ಆರಂಭಿಸಿದರು. ದಿನಕ್ಕೊಬ್ಬರಂತೆ ಸರದಿಯ ಮೇಲೆ ರೋಗಿಗಳಿಗೆ ಅಡುಗೆ ಮಾಡಿ ಬಡಿಸಬೇಕು, ಹಣಕ್ಕೆ ಲೆಕ್ಕವಿಡಬೇಕು. ಅವರು ಬರೆದ ನಿಯಮಗಳಲ್ಲಿ ಒಂದು ಮನಮುಟ್ಟುವಂಥದು: ಮನೆಯವರಿರುವ ರೋಗಿಗಳಿಗೆ ಮೊದಲು ಬಡಿಸಿ, ಯಾರೂ ಇಲ್ಲದ ಒಂಟಿ ರೋಗಿಯ ಬಳಿಗೆ ಕೊನೆಯಲ್ಲಿ ಹೋಗಬೇಕು, ಅವರೊಡನೆ ಹೆಚ್ಚು ಹೊತ್ತು ಕುಳಿತಿರಲು ಅನುಕೂಲವಾಗಲಿ ಎಂದು.

ಮುಂದೆ ಪ್ಯಾರಿಸಿನಲ್ಲಿ ಸಿರಿವಂತ ಮಹಿಳೆಯರು ತಮ್ಮ ಸರದಿಗೆ ಸೇವಕಿಯರನ್ನು ಕಳುಹಿಸತೊಡಗಿದಾಗ, ಹಳ್ಳಿಯ ಯುವತಿಯರು ಆ ಸೇವೆಗೆ ಮನಸಾರೆ ಮುಂದೆ ಬಂದರು. ವಿಧವೆಯಾಗಿದ್ದ ಸಂತ ಲೂಯಿಸ್ ದ ಮರಿಯಾಕ್‌ರೊಡನೆ ವಿನ್ಸೆಂಟರು ೧೬೩೩ರಲ್ಲಿ ಇವರನ್ನು ಒಂದುಗೂಡಿಸಿ ಕಾರುಣ್ಯ ಪುತ್ರಿಯರ ಸಂಸ್ಥೆಯನ್ನು ಸ್ಥಾಪಿಸಿದರು.

ಈ ಕ್ರಮಕ್ಕೆ ಕಠಿಣ ಪರೀಕ್ಷೆ ಬಂದದ್ದು ಯುದ್ಧಕಾಲದಲ್ಲಿ. ಲೊರೇನ್ ಪ್ರಾಂತ್ಯವು ಯುದ್ಧ, ಕ್ಷಾಮ, ಪ್ಲೇಗುಗಳಿಂದ ತತ್ತರಿಸಿದಾಗ, ೧೬೩೯ರಿಂದ ವಿನ್ಸೆಂಟರು ಅಲ್ಲಿಗೆ ತಪ್ಪದೆ ನೆರವು ಕಳುಹಿಸಿದರು. ಸಹೋದರ ಮಾತ್ಯೂ ಎಂಬ ಅವರ ಸಭೆಯ ಸೇವಕರು ಚಿನ್ನದ ನಾಣ್ಯಗಳನ್ನು ಹಳೆಯ ಜೋಳಿಗೆಯಲ್ಲಿ ಬಚ್ಚಿಟ್ಟುಕೊಂಡು, ಸೈನಿಕರ ಮತ್ತು ದರೋಡೆಕೋರರ ನಡುವೆ ೫೦ಕ್ಕೂ ಹೆಚ್ಚು ಬಾರಿ ಸಂಚರಿಸಿ, ಬಡವರ ಹಣವನ್ನು ಬಡವರಿಗೇ ತಲುಪಿಸಿದರು. ೧೬೫೨ರಲ್ಲಿ ಅಂತರ್ಯುದ್ಧದಿಂದ ಪ್ಯಾರಿಸ್ ನಗರವೇ ಹಸಿದಾಗ, ದಿನವೂ ಸಾವಿರಾರು ಜನರಿಗೆ ಗಂಜಿ ಹಂಚಲಾಯಿತು. ಆಗ ಎಪ್ಪತ್ತು ದಾಟಿದ್ದ ವಿನ್ಸೆಂಟರ ಕಾಲುಗಳು ಸೋತಿದ್ದವು, ಕರುಣೆ ಸೋಲಲಿಲ್ಲ.

೧೬೬೦ರ ಸೆಪ್ಟೆಂಬರ್ ೨೭ರಂದು ಅವರು ಪ್ರಭುವಿನಲ್ಲಿ ನಿದ್ರಿಸಿದರು. ೧೭೩೭ರಲ್ಲಿ ಅವರಿಗೆ ಸಂತಪದವಿ ದೊರೆಯಿತು. ಜಗದ್ಗುರು ೧೩ನೆಯ ಲಿಯೋರವರು ೧೮೮೫ರಲ್ಲಿ ಅವರನ್ನು ಕಾರುಣ್ಯ ಸಂಸ್ಥೆಗಳ ಪಾಲಕರೆಂದು ಘೋಷಿಸಿದರು. ೧೮೩೩ರಲ್ಲಿ ಪ್ಯಾರಿಸಿನಲ್ಲಿ ಫ್ರೆಡೆರಿಕ್ ಓಜನಾಮ್ ಮತ್ತು ಗೆಳೆಯರು ಆರಂಭಿಸಿದ ಸಂಘ ಅವರ ಹೆಸರನ್ನೇ ಹೊತ್ತು ಇಂದು ನಮ್ಮ ನಾಡಿನ ಅನೇಕ ಧರ್ಮಕೇಂದ್ರಗಳಲ್ಲಿ ಬಡವರ ಮನೆಬಾಗಿಲಿಗೆ ನಡೆದುಹೋಗುತ್ತಿದೆ.

ಪ್ರಿಯ ಭಕ್ತಾದಿಗಳೇ, ಹಬ್ಬದ ದಿನ ಕೊಡುವ ಕೈಗಳಿಗೆ ನಮ್ಮಲ್ಲಿ ಬರವಿಲ್ಲ. ಶತಮಾನೋತ್ಸವದ ಅನ್ನಸಂತರ್ಪಣೆಯಲ್ಲಿ ಯಾರೂ ಹಸಿದು ಹೋಗಲಾರರು. ಆದರೆ ತೋರಣಗಳು ಬಾಡಿದ ಮೇಲೆ, ಕೆಲಸ ಸಿಗದ ಮಳೆಗಾಲದ ದಿನದಲ್ಲಿ, ಕೂಲಿಯವನ ಮನೆಯ ಒಲೆ ಉರಿದಿದೆಯೇ ಎಂದು ನೋಡಿಬರುವ ಸರದಿ ಯಾರದು? ಈ ಪ್ರಶ್ನೆಗೆ ನಮ್ಮ ಪ್ರತಿಯೊಂದು ಬೀದಿಯಲ್ಲಿ ಒಂದು ಹೆಸರು ಸಿದ್ಧವಿದ್ದರೆ, ಈ ದೇವಾಲಯದ ನೂರು ವರ್ಷಗಳು ಸಾರ್ಥಕ.