ಪಟ್ಟಿಯಲ್ಲಿ ಇಲ್ಲದ ಹೆಸರು

ಸೇವೆಯಲ್ಲಿದ್ದಾಗ ನಾನು ಅನೇಕ ಆಯ್ಕೆ ಸಮಿತಿಗಳಲ್ಲಿ ಕುಳಿತಿದ್ದೇನೆ. ಅರ್ಹತೆಯ ಮಾತು ಬಂದಾಗಲೆಲ್ಲ ನನಗೆ ನ್ಯೂಜಿಲೆಂಡಿನ ರಗ್ಬಿ ಆಟಗಾರ ಜಾರ್ಜ್ ನೇಪಿಯಾ ನೆನಪಾಗುತ್ತಾರೆ.

1905ರಲ್ಲಿ ಜನಿಸಿದ ಈ ಮಾವೊರಿ ತರುಣ 1924ರ ಆಯ್ಕೆ ಪಂದ್ಯಗಳಿಗೆ ಬಂದಾಗ ಫುಲ್‌ಬ್ಯಾಕ್ ಆಗಿರಲಿಲ್ಲ. ಆ ಸ್ಥಾನದಲ್ಲಿ ನಿಲ್ಲಿಸಿ ಪರೀಕ್ಷಿಸಿದವರು ಆಯ್ಕೆಗಾರರೇ. ದೂರಕ್ಕೆ ಒದೆಯುವ ಕಾಲು, ನುಗ್ಗಿ ಬಂದವರನ್ನು ಕೆಡಹುವ ಭುಜಬಲ, ಎಲ್ಲಕ್ಕಿಂತ ಮಿಗಿಲಾಗಿ ದಣಿಯದ ದೇಹ: ಅವರ ಕಣ್ಣು ತಪ್ಪಿರಲಿಲ್ಲ. ಬ್ರಿಟನ್, ಐರ್ಲೆಂಡ್ ಮತ್ತು ಫ್ರಾನ್ಸ್‌ಗಳಲ್ಲಿ ಸುಮಾರು ನಾಲ್ಕು ತಿಂಗಳಲ್ಲಿ ನಡೆದ 30 ಪಂದ್ಯಗಳಲ್ಲಿ ಹತ್ತೊಂಬತ್ತರ ನೇಪಿಯಾ ಒಂದನ್ನೂ ಬಿಡದೆ ಆಡಿದರು. ತಂಡ ಒಂದನ್ನೂ ಸೋಲಲಿಲ್ಲ.

1928ರ ದಕ್ಷಿಣ ಆಫ್ರಿಕಾ ಪ್ರವಾಸದ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಕಾರಣ ಮೈಬಣ್ಣ. ಆತಿಥೇಯರ ವರ್ಣದ್ವೇಷವನ್ನು ದೂರುವುದು ಸುಲಭ. ಆದರೆ ಆ ಪಟ್ಟಿ ಸಿದ್ಧವಾದದ್ದು ನ್ಯೂಜಿಲೆಂಡಿನಲ್ಲಿಯೇ ಎಂಬುದನ್ನು ನಾನು ಮರೆಯಲಾರೆ. ಟೆಸ್ಟ್ ಸರಣಿ 2-2ರಲ್ಲಿ ಸಮವಾಯಿತು. ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನಗೆ, ಪೂರ್ವಗ್ರಹಕ್ಕೆ ತೆತ್ತ ಬೆಲೆ ಇಷ್ಟು ಸ್ಪಷ್ಟವಾಗಿ ಕಾಣುವುದು ಅಪರೂಪ.

1930ರಲ್ಲಿ ಮರಳಿ ಆಡಿದರಾದರೂ, ಆರ್ಥಿಕ ಮುಗ್ಗಟ್ಟಿನಲ್ಲಿ ಬೇಸಾಯ ಕೈಕೊಟ್ಟಾಗ, 1935ರಲ್ಲಿ ಹಣಕ್ಕಾಗಿ ಲಂಡನ್ನಿನ ರಗ್ಬಿ ಲೀಗ್ ಸೇರಿದರು. ಹವ್ಯಾಸಿ ರಗ್ಬಿ ಬಾಗಿಲು ಮುಚ್ಚಿತು. ಅದು ಮತ್ತೆ ತೆರೆದದ್ದು ಮಹಾಯುದ್ಧದ ನಂತರ. 1950ರಲ್ಲಿ, 45ನೇ ವಯಸ್ಸಿನಲ್ಲಿ, ಪ್ರಥಮ ದರ್ಜೆ ಪಂದ್ಯವೊಂದರಲ್ಲಿ ಅವರು ನಾಯಕರಾದಾಗ ಎದುರಾಳಿ ನಾಯಕ ಅವರ ಮಗನೇ!

ಮಾವೊರಿ ಆಟಗಾರರು ನ್ಯೂಜಿಲೆಂಡ್ ತಂಡದೊಡನೆ ದಕ್ಷಿಣ ಆಫ್ರಿಕಾಕ್ಕೆ ಹೋದದ್ದು 1970ರಲ್ಲಿ, ಅದೂ 'ಗೌರವ ಬಿಳಿಯರು' ಎಂಬ ಹಣೆಪಟ್ಟಿಯೊಂದಿಗೆ. 1986ರಲ್ಲಿ ನಿಧನರಾದ ನೇಪಿಯಾ ಅವರಿಗೆ ಆಗ 65 ವರ್ಷ.